ಬೀಗ ಹಾಕಿದ ಪಾರ್ಲಿಮೆಂಟು ಮತ್ತು ಒಂದು ಶಾಮಿಯಾನ

ಬಹಳ ದಿನಗಳಾದವು ಈ ಕಡೆ ತಲೆ ಹಾಕದೆ. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ, ಮನೆಗೆ ಬಂದರೆ ನಿದ್ದೆ. ಅದೇ ಹಳೇ ಕತೆ ಬಿಡಿ. ಆದರೆ ಈ ಸಲ ಆ ಗಡಿಬಿಡಿಯಲ್ಲೇ ಬರೆಯೋದಕ್ಕೆ ಒಂದು ವಿಷಯ ಸಿಕ್ಕಿತು.

ನಮ್ಮದೊಂದು ಪ್ರೋಗ್ರಾಮು ವರ್ಷದ ದಿನಗಳನ್ನೆಲ್ಲ ಎಣಿಸಿ ದಿನಕ್ಕೊಂದು ಸಾಲು ಬರೆಯಬೇಕಿತ್ತು. ನಾನು ಪರೀಕ್ಷೆಗೆ ಹಾಕಿಕೊಂಡಿದ್ದ ದೇಶಗಳಿಗೆಲ್ಲ ಲೆಕ್ಕ ಸರಿಯಾಗಿ ಬಂತು, ಒಂದನ್ನು ಬಿಟ್ಟು. ಸಮೋವಾ ಅನ್ನೋ ದೇಶಕ್ಕೆ 2011ನೇ ಇಸವಿಯಲ್ಲಿ 364 ಸಾಲು! ಒಂದು ದಿನ ಕಾಣೆ. ಅರ್ಧ ದಿನ ನನ್ನ ಕೋಡನ್ನೇ ಬೈದುಕೊಂಡೆ. ಕೊನೆಗೆ ಗೊತ್ತಾಯಿತು, ತಪ್ಪು ನನ್ನದಲ್ಲ, ಆ ದೇಶದಲ್ಲಿ ಆ ದಿನ ನಿಜಕ್ಕೂ ಇರಲಿಲ್ಲ. 2011ರ ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದ ಸಮೋವಾದ ಜನ ಎದ್ದಿದ್ದು 31ರ ಶನಿವಾರ. ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಅವರಿಗೆ ಸೋಮವಾರ ಬೆಳಗಾದರೆ ಇವರಿಗಿನ್ನೂ ಭಾನುವಾರ. ಇದು ಬೇಡವೆಂದು ದಿನಾಂಕ ರೇಖೆಯನ್ನೇ ದಾಟಿ ಆ ಕಡೆಗೆ ಹೋಗಿಬಿಟ್ಟರು. ಶುಕ್ರವಾರ ಗೋತಾ :)

ಇದನ್ನು ಮಾಡಿಸಿದ ಪ್ರಧಾನಿಯ ಹೆಸರು ತುಯಿಲಾಎಪಾ. ಅದಕ್ಕೂ ಎರಡು ವರ್ಷ ಮುಂಚೆ, 2009ರ ಸೆಪ್ಟೆಂಬರ್‌ನಲ್ಲಿ, ಇದೇ ಮನುಷ್ಯ ರಸ್ತೆಯ ಬಲಗಡೆ ಓಡುತ್ತಿದ್ದ ವಾಹನಗಳನ್ನೆಲ್ಲ ಒಂದೇ ದಿನದಲ್ಲಿ ಎಡಗಡೆಗೆ ತಂದಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸೆಕೆಂಡ್ ಹ್ಯಾಂಡ್ ಕಾರುಗಳು ಸುಲಭವಾಗಿ ಸಿಗಲಿ ಅಂತ. ದಿನವನ್ನೂ ದಾರಿಯನ್ನೂ ಬದಲಿಸಬಲ್ಲ ಮನುಷ್ಯ ಎಷ್ಟು ಗಟ್ಟಿ ಕುಳವಿರಬೇಕು! 1998ರಿಂದ ಅವರೇ ಪ್ರಧಾನಿ. ಇವರು ಯಾವತ್ತಾದರೂ ಕುರ್ಚಿ ಬಿಟ್ಟರಾ, ಬಿಟ್ಟರೆ ಯಾಕೆ ಬಿಟ್ಟರು ಅಂತ ಹುಡುಕುತ್ತಾ ಹೋದೆ. ಅಲ್ಲಿ ಸಿಕ್ಕವರೇ ಈ ಬರಹದ ನಾಯಕಿ, ಫಿಯಾಮೆ ನವೋಮಿ ಮಾತಾಫಾ. ಅವರನ್ನು ಕುರ್ಚಿಯಿಂದ ಇಳಿಸಿದ ಹೆಂಗಸು. ಅದೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರದೇ ಸಂಪುಟದಲ್ಲಿ ಕೂತಿದ್ದವರು.

ಬಗ್ ಅಲ್ಲಿಗೇ ನಿಂತಿತು, ನಾನು ಮಾತ್ರ ಮೂರು ರಾತ್ರಿ ಓದುತ್ತಾ ಕೂತೆ.

*

ಮೊದಲು ಊರಿನ ಪರಿಚಯ. ಸಮೋವಾ ಇರುವುದು ಪೆಸಿಫಿಕ್ ಸಾಗರದ ನಡುವೆ. ಉಪೋಲು ಮತ್ತು ಸವಾಯಿ ಅನ್ನೋ ಎರಡು ದೊಡ್ಡ ದ್ವೀಪಗಳು, ಸುತ್ತ ಕೆಲವು ಪುಟ್ಟವು. ರಾಜಧಾನಿ ಆಪಿಯಾ. ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಬೆಂಗಳೂರಿನ ಒಂದೆರಡು ಬಡಾವಣೆ ಸೇರಿಸಿದರೆ ಮುಗಿಯಿತು.

ಅಲ್ಲಿನ ಸಮಾಜ ಅರ್ಥವಾಗಬೇಕಾದರೆ 'ಮತಾಯಿ' ಅನ್ನೋ ಒಂದು ಪದ ಗೊತ್ತಿರಬೇಕು. ದೊಡ್ಡ ಕುಟುಂಬವೊಂದು (ಅಣ್ಣ ತಮ್ಮ, ದಾಯಾದಿಗಳು, ಬೀಗರು ಎಲ್ಲ ಸೇರಿದ್ದು) ತನ್ನ ಮುಖ್ಯಸ್ಥರನ್ನು ತಾನೇ ಒಪ್ಪಿ ಆರಿಸಿ ಅವರಿಗೊಂದು ಬಿರುದು ಕೊಡುತ್ತದೆ. ಬಿರುದು ಪಡೆದವರು ಮತಾಯಿ. ಕುಟುಂಬದ ಜಮೀನಿನ ಉಸ್ತುವಾರಿ ಅವರದು, ಊರಿನ ಪಂಚಾಯ್ತಿಯಲ್ಲಿ ಕುಟುಂಬದ ಪರವಾಗಿ ಮಾತಾಡುವುದು ಅವರು. ಆ ಪಂಚಾಯ್ತಿಗೆ 'ಫೋನೊ' ಅನ್ನುತ್ತಾರೆ. ಬಿರುದು ಅಪ್ಪನಿಂದ ಮಗನಿಗೆ ತಾನಾಗಿ ಇಳಿಯುವುದಿಲ್ಲ. ಕುಟುಂಬ ಒಪ್ಪಬೇಕು. ಒಪ್ಪದಿದ್ದರೆ ಜಗಳ, ಜಗಳ ಬಗೆಹರಿಯದಿದ್ದರೆ ಅದಕ್ಕೆಂದೇ ಇರುವ ಭೂಮಿ ಮತ್ತು ಬಿರುದುಗಳ ನ್ಯಾಯಾಲಯ. ಜರ್ಮನರು ಆಳುತ್ತಿದ್ದ ಕಾಲದಲ್ಲಿ, 1903ರಲ್ಲಿ, ಶುರುವಾದ ವ್ಯವಸ್ಥೆ ಅದು. ಈ ನ್ಯಾಯಾಲಯವನ್ನು ನೆನಪಿಟ್ಟುಕೊಂಡಿರಿ, ಕತೆಯಲ್ಲಿ ಇದು ಮತ್ತೆ ಬರುತ್ತದೆ.

'ಫಿಯಾಮೆ' ಕೂಡ ಹೆಸರಲ್ಲ, ಬಿರುದು. ಹೆಸರು ನವೋಮಿ.

1957ರ ಏಪ್ರಿಲ್ 29ರಂದು ಆಪಿಯಾದಲ್ಲಿ ಹುಟ್ಟಿದ ನವೋಮಿಯ ಮನೆತನವೇ ಒಂದು ಇತಿಹಾಸದ ಪಾಠ. ಜರ್ಮನರ ನಂತರ 1914ರಲ್ಲಿ ನ್ಯೂಜಿಲೆಂಡ್ ಸಮೋವಾವನ್ನು ಹಿಡಿಯಿತು. 1918ರಲ್ಲಿ ಅಲ್ಲಿಂದ ಬಂದ ಒಂದು ಹಡಗಿನ ಜೊತೆ ಇನ್‌ಫ್ಲುಯೆಂಜಾ ಇಳಿಯಿತು. ಹಡಗನ್ನು ತಡೆದು ನಿಲ್ಲಿಸಲಿಲ್ಲ. ದೇಶದ ಐದರಲ್ಲೊಂದು ಪಾಲು ಜನ ಕೆಲವೇ ವಾರಗಳಲ್ಲಿ ಸತ್ತರು. ಆ ಸಿಟ್ಟು ಒಳಗೊಳಗೇ ಬೆಳೆದು 'ಮೌ' ಎಂಬ ಚಳವಳಿಯಾಯಿತು, ಬಂದೂಕಿಲ್ಲದ ಅಸಹಕಾರ. 1929ರ ಡಿಸೆಂಬರ್ 28ರಂದು ಆಪಿಯಾದ ಬೀದಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ನ್ಯೂಜಿಲೆಂಡ್ ಪೊಲೀಸರು ಗುಂಡು ಹಾರಿಸಿದರು. ಚಳವಳಿಯ ನಾಯಕ ಮೂರನೆಯ ತುಪುವಾ ತಮಾಸೆಸೆ ಲೆಯಾಲೋಫಿ ಸತ್ತರು. ಗಂಡಸರು ಕಾಡು ಸೇರಿದಾಗ ಹೆಂಗಸರೇ 'ಮೌ' ನಡೆಸಿದರು. ಆ ಚಳವಳಿಯ ಮುಂದಾಳುಗಳಲ್ಲಿ ನವೋಮಿಯ ತಂದೆಯ ತಂದೆಯೂ ಒಬ್ಬರು.

1962ರ ಜನವರಿ 1ರಂದು ಸಮೋವಾ ಸ್ವತಂತ್ರವಾಯಿತು. ಮೊದಲ ಪ್ರಧಾನಿ ನವೋಮಿಯ ಅಪ್ಪ, ಎರಡನೆಯ ಫಿಯಾಮೆ ಮಾತಾಫಾ ಫೌಮುಯಿನಾ ಮುಲಿನುಉ. ಅಮ್ಮ ಲಾಉಲು ಫೆತಾವುಯಿಮಾಲೆಮಾವು ಮೇಷ್ಟರಾಗಿದ್ದವರು, ಆಮೇಲೆ ಸಂಸದೆ, ಆಮೇಲೆ ನ್ಯೂಜಿಲೆಂಡಿನಲ್ಲಿ ತಮ್ಮ ದೇಶದ ರಾಯಭಾರಿ. ಅಮ್ಮನ ಅಪ್ಪ ಸಂವಿಧಾನ ಬರೆದವರಲ್ಲಿ ಒಬ್ಬರು. ಅಂದರೆ ಒಬ್ಬ ಅಜ್ಜ ಸ್ವಾತಂತ್ರ್ಯಕ್ಕೆ ಹೋರಾಡಿದವರು, ಇನ್ನೊಬ್ಬ ಅಜ್ಜ ಸಂವಿಧಾನ ಬರೆದವರು, ಅಪ್ಪ ಆ ಸಂವಿಧಾನದಡಿ ಮೊದಲು ಆಳಿದವರು.

"ಓಹೋ, ವಂಶಪಾರಂಪರ್ಯ ರಾಜಕೀಯ" ಅಂತ ನೀವು ಮೂಗು ಮುರಿಯುತ್ತಿರಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ತಾಳಿ.

*

ನವೋಮಿಯನ್ನು ಹನ್ನೊಂದನೇ ವಯಸ್ಸಿಗೆ ನ್ಯೂಜಿಲೆಂಡಿನ ವೆಲಿಂಗ್ಟನ್‌ಗೆ ಓದಲು ಕಳಿಸಿದರು. ಶಾಲೆ ಮುಗಿಸಿ ಅಲ್ಲೇ ವಿಕ್ಟೋರಿಯಾ ವಿಶ್ವವಿದ್ಯಾಲಯ ಸೇರಿದರು. 1975ರ ಮೇ ತಿಂಗಳಲ್ಲಿ, ಪ್ರಧಾನಿಯಾಗಿದ್ದಾಗಲೇ ಅಪ್ಪ ತೀರಿಕೊಂಡರು. ಮಗಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು.

ಅಪ್ಪ ಹೋದ ಮೇಲೆ ಅವರ ಬಿರುದುಗಳು ಯಾರಿಗೆ ಅನ್ನೋ ಪ್ರಶ್ನೆ ಬಂತು. ಜಗಳ ಕೋರ್ಟಿಗೆ ಹೋಯಿತು. ಅದೇ ಭೂಮಿ ಮತ್ತು ಬಿರುದುಗಳ ನ್ಯಾಯಾಲಯ. 1977ರಲ್ಲಿ ನವೋಮಿ ಓದು ಬಿಟ್ಟು ಊರಿಗೆ ಬಂದರು. ಯೋಚಿಸಿ ನೋಡಿ, ಇಪ್ಪತ್ತು ವರ್ಷದ ಹುಡುಗಿ. ಬುದ್ಧಿ ಬಂದಾಗಿನಿಂದ ಬೇರೆ ದೇಶದಲ್ಲಿ ಓದಿದವಳು. ಮದುವೆ ಇಲ್ಲ, ಗಂಡುಮಕ್ಕಳೇ ತುಂಬಿರುವ ಸಾಲಿನಲ್ಲಿ ನಿಂತು "ಈ ಬಿರುದಿಗೆ ನಾನೂ ಹಕ್ಕುದಾರಳು" ಅನ್ನಬೇಕು. 1978ರಲ್ಲಿ 'ಫಿಯಾಮೆ' ಬಿರುದು ಅವರಿಗೆ ಬಂತು. ಅವರ ಡಿಗ್ರಿ ಅರ್ಧಕ್ಕೇ ನಿಂತಿತ್ತು.

ಇದು ಬರೀ ಗೌರವದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಸಮೋವಾದಲ್ಲಿ ಚುನಾವಣೆಗೆ ನಿಲ್ಲಬೇಕಾದರೆ ಮತಾಯಿ ಆಗಿರಲೇಬೇಕು. ಆ ಕಾಲದಲ್ಲಿ ವೋಟು ಹಾಕುವ ಹಕ್ಕು ಕೂಡ ಮತಾಯಿಗಳಿಗೆ ಮಾತ್ರ ಇತ್ತು. ಮತಾಯಿಗಳಲ್ಲಿ ಹೆಂಗಸರು ತೀರಾ ಕಡಿಮೆ. ಕಾನೂನಿನಲ್ಲಿ ಎಲ್ಲೂ 'ಹೆಂಗಸರು ನಿಲ್ಲಬಾರದು' ಅಂತ ಇಲ್ಲ. ಬಿರುದೇ ಒಂದು ಬಾಗಿಲು, ಅದರ ಬೀಗ ಕುಟುಂಬದ ಹಿರಿಯರ ಕೈಲಿ. ಎಷ್ಟೋ ಊರುಗಳಲ್ಲಿ ಹೆಣ್ಣು ಮತಾಯಿಯನ್ನು ಫೋನೊದಲ್ಲಿ ಕೂರಿಸಿಕೊಳ್ಳುವುದೂ ಇಲ್ಲ. ಹಾಗಾಗಿ 1978ರ ಆ ಬಿರುದು ಇಲ್ಲದಿದ್ದರೆ ಮುಂದಿನ ಯಾವುದೂ ಇಲ್ಲ.

1985ರಲ್ಲಿ ಫಿಯಾಮೆ ಲೊತೊಫಾಂಗಾ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಬಂದರು. ಉಪೋಲು ದ್ವೀಪದ ದಕ್ಷಿಣ ದಂಡೆಯಲ್ಲಿರುವ ಕ್ಷೇತ್ರ. ಅಪ್ಪ ಗೆದ್ದಿದ್ದ ಕ್ಷೇತ್ರ, ಅಪ್ಪನ ನಂತರ ಅಮ್ಮ ಗೆದ್ದಿದ್ದ ಕ್ಷೇತ್ರ. 1990ರಲ್ಲಿ ಜನಮತಗಣನೆ ನಡೆದು 21 ದಾಟಿದ ಎಲ್ಲರಿಗೂ ವೋಟಿನ ಹಕ್ಕು ಬಂತು (ನಿಲ್ಲುವ ಹಕ್ಕು ಮಾತ್ರ ಮತಾಯಿಗಳಿಗೇ ಉಳಿಯಿತು). ಅದರಡಿ ಮೊದಲ ಚುನಾವಣೆ ನಡೆದದ್ದು 1991ರಲ್ಲಿ. ಆ ವರ್ಷವೇ ಫಿಯಾಮೆ ಶಿಕ್ಷಣ ಮಂತ್ರಿಯಾದರು. ಸಮೋವಾದ ಸಂಪುಟದಲ್ಲಿ ಕೂತ ಮೊದಲ ಹೆಂಗಸು.

ಖಾತೆ ಸಿಕ್ಕ ಹೊತ್ತು ಚೆನ್ನಾಗಿರಲಿಲ್ಲ. 1990ರ ಫೆಬ್ರವರಿಯಲ್ಲಿ 'ಓಫಾ' ಎಂಬ ಚಂಡಮಾರುತ ಬಂದು ಹೋಗಿತ್ತು. ಅದರಿಂದ ಸುಧಾರಿಸಿಕೊಳ್ಳುವ ಮುಂಚೆ 1991ರ ಡಿಸೆಂಬರ್‌ನಲ್ಲಿ 'ವಾಲ್' ಬಂತು, ದಿನಗಟ್ಟಲೆ ದ್ವೀಪಗಳ ಮೇಲೇ ಸುತ್ತಿತು. ಮನೆ, ತೋಟ, ಶಾಲೆ ಎಲ್ಲದರ ಚಾವಣಿ ಹಾರಿತು. ಹೊಸ ಶಿಕ್ಷಣ ಮಂತ್ರಿಗೆ ಸಿಕ್ಕಿದ್ದು ಮಾಡಿಲ್ಲದ ಶಾಲೆಗಳು. ಆ ಖಾತೆಯಲ್ಲಿ ಅವರು ಹದಿನೈದು ವರ್ಷ ಇದ್ದರು, 2006ರವರೆಗೆ. ಆಮೇಲೆ ಮಹಿಳೆ ಮತ್ತು ಸಮುದಾಯ ಅಭಿವೃದ್ಧಿ ಖಾತೆ, 2011ರಿಂದ ನ್ಯಾಯಾಂಗ ಖಾತೆ, 2016ರಲ್ಲಿ ಉಪಪ್ರಧಾನಿ, ಜೊತೆಗೆ ಪರಿಸರ ಖಾತೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಿಬಿಡಬೇಕು. ಅವರಿದ್ದ ಪಕ್ಷದ ಹೆಸರು ಮಾನವ ಹಕ್ಕುಗಳ ರಕ್ಷಣಾ ಪಕ್ಷ. 1982ರಿಂದ ನಡುವೆ ಕೆಲವು ವರ್ಷ ಬಿಟ್ಟರೆ ಅದೇ ಆಡಳಿತ. 2016ರ ಚುನಾವಣೆಯ ನಂತರವಂತೂ ವಿರೋಧ ಪಕ್ಷವೆಂದು ಮಾನ್ಯತೆ ಕೊಡುವಷ್ಟು ಜನವೂ ಎದುರಿನ ಸಾಲಿನಲ್ಲಿ ಉಳಿಯಲಿಲ್ಲ. 2019ರ ಕೊನೆಗೆ ದಡಾರ ಬಂದು 83 ಜನ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು. ಹಿಂದಿನ ವರ್ಷ ಲಸಿಕೆಯನ್ನು ತಪ್ಪಾಗಿ ಕಲಸಿ ಎರಡು ಕೂಸುಗಳು ತೀರಿಕೊಂಡಿದ್ದವು, ಆ ಭಯಕ್ಕೆ ಲಸಿಕೆ ಹಾಕುವುದೇ ನಿಂತುಹೋಗಿತ್ತು. ಆಗ ಉಪಪ್ರಧಾನಿ ಫಿಯಾಮೆಯೇ. ಎದುರಾಳಿಯೇ ಇಲ್ಲದ ಆ ಸರ್ಕಾರವನ್ನು ಕಟ್ಟಿದ ಕೈಗಳಲ್ಲಿ ಅವರ ಕೈಯೂ ಇತ್ತು. ಅವರನ್ನು ದೇವತೆ ಮಾಡುವ ಇರಾದೆ ನನಗಿಲ್ಲ.

*

2020ರಲ್ಲಿ ಸರ್ಕಾರ ಮೂರು ಮಸೂದೆಗಳನ್ನು ತಂದಿತು. ಸಾರಾಂಶ ಇಷ್ಟು: ಭೂಮಿ ಮತ್ತು ಬಿರುದುಗಳ ನ್ಯಾಯಾಲಯವನ್ನು ಸುಪ್ರೀಂ ಕೋರ್ಟಿನಿಂದ ಪೂರ್ತಿ ಬೇರ್ಪಡಿಸಿ, ಅದಕ್ಕೆ ಸರಿಸಮಾನವಾಗಿ ನಿಲ್ಲಿಸುವುದು. ಕೇಳೋದಕ್ಕೆ ಚೆನ್ನಾಗಿದೆ. ನಮ್ಮ ಸಂಪ್ರದಾಯದ ಕೋರ್ಟು ಯಾಕೆ ಇನ್ನೊಬ್ಬರ ಕೈಕೆಳಗಿರಬೇಕು ಅನ್ನೋದು ಸರ್ಕಾರದ ವಾದ. ಆದರೆ ಇದರ ಇನ್ನೊಂದು ಮುಖ, ಆ ನ್ಯಾಯಾಲಯ ಅಥವಾ ಊರಿನ ಫೋನೊ ಯಾರಿಗಾದರೂ ಅನ್ಯಾಯ ಮಾಡಿದರೆ, ಅವರ ಮೂಲಭೂತ ಹಕ್ಕಿಗೇ ಪೆಟ್ಟು ಬಿದ್ದರೆ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ದಾರಿ ಮುಚ್ಚುತ್ತದೆ. ವಕೀಲರು, ನ್ಯಾಯಾಧೀಶರು ಗಾಬರಿಯಾದರು.

2020ರ ಸೆಪ್ಟೆಂಬರ್‌ನಲ್ಲಿ ಫಿಯಾಮೆ ಉಪಪ್ರಧಾನಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಅರವತ್ತಮೂರು ವರ್ಷ. ಸುಮ್ಮನಿದ್ದರೆ ಎರಡನೇ ಸ್ಥಾನ ಖಾತ್ರಿ, ಕಾದರೆ ಮೊದಲನೆಯದೂ ಬರಬಹುದಿತ್ತು. ಇಪ್ಪತ್ತನೇ ವಯಸ್ಸಿನಲ್ಲಿ ತಮ್ಮ ಬಿರುದಿನ ಜಗಳಕ್ಕಾಗಿ ಯಾವ ನ್ಯಾಯಾಲಯದ ಮುಂದೆ ನಿಂತಿದ್ದರೋ, ನಲವತ್ತು ವರ್ಷ ಕಳೆದ ಮೇಲೆ ಅದೇ ನ್ಯಾಯಾಲಯದ ವಿಷಯಕ್ಕೇ ಅಧಿಕಾರ ಬಿಟ್ಟರು. ಓದುತ್ತಾ ಓದುತ್ತಾ ಇದು ಹೊಳೆದಾಗ ರಾತ್ರಿ ಒಂದೂವರೆ. ಎದ್ದು ನೀರು ಕುಡಿದು ಬಂದು ಮತ್ತೆ ಕೂತೆ.

ಡಿಸೆಂಬರ್‌ನಲ್ಲಿ ಮಸೂದೆಗಳು ಪಾಸಾದವು. ಅಷ್ಟರಲ್ಲಿ ಲಾಔಲಿ ಲೆಯುವಾತೆಯಾ ಶ್ಮಿತ್ ಎಂಬ ಇನ್ನೊಬ್ಬ ಮಾಜಿ ಮಂತ್ರಿ 'ಫಾಸ್ಟ್' ಎಂಬ ಹೊಸ ಪಕ್ಷ ಕಟ್ಟಿದ್ದರು. 2021ರ ಮಾರ್ಚ್‌ನಲ್ಲಿ ಫಿಯಾಮೆ ಅದರ ನಾಯಕಿಯಾದರು. ಚುನಾವಣೆ ಏಪ್ರಿಲ್ 9ಕ್ಕೆ. ಒಂದು ವರ್ಷವೂ ತುಂಬದ ಪಕ್ಷ, ಎದುರಿಗೆ ನಲವತ್ತು ವರ್ಷದ ಪಕ್ಷ.

ಫಲಿತಾಂಶ: ಒಟ್ಟು 51 ಸ್ಥಾನ. ಹಳೆಯ ಪಕ್ಷಕ್ಕೆ 25, ಫಾಸ್ಟ್‌ಗೆ 25, ಒಬ್ಬ ಪಕ್ಷೇತರ! (ಒಟ್ಟು ವೋಟು ಎಣಿಸಿದರೆ ಹಳೆಯ ಪಕ್ಷಕ್ಕೇ ಜಾಸ್ತಿ. ಆದರೆ ಒಂದೊಂದು ಕ್ಷೇತ್ರದಲ್ಲಿ ಇಬ್ಬರು ಮೂವರು ತಮ್ಮವರನ್ನೇ ನಿಲ್ಲಿಸಿ ವೋಟು ಒಡೆದುಕೊಂಡಿದ್ದರು.)

ಇಲ್ಲಿಂದ ಮುಂದಿನದು ನಮ್ಮ ಕಸುಬಿನವರಿಗೆ ಹೇಳಿ ಮಾಡಿಸಿದ ಕತೆ.

*

2013ರಲ್ಲಿ ಸಮೋವಾ ತನ್ನ ಸಂವಿಧಾನಕ್ಕೆ ಒಂದು ತಿದ್ದುಪಡಿ ಮಾಡಿತ್ತು. ಸಂಸತ್ತಿನಲ್ಲಿ ಕನಿಷ್ಠ ಶೇಕಡಾ 10ರಷ್ಟು ಹೆಂಗಸರಿರಬೇಕು. ಅಷ್ಟು ಜನ ಗೆಲ್ಲದಿದ್ದರೆ, ಸೋತ ಹೆಂಗಸರಲ್ಲಿ ಹೆಚ್ಚು ವೋಟು ಪಡೆದವರನ್ನು ಹೆಚ್ಚುವರಿ ಸದಸ್ಯರಾಗಿ ಸೇರಿಸಬೇಕು. ಒಳ್ಳೆಯ ಕಾನೂನು. ಆಗ ಇದ್ದದ್ದು 49 ಸ್ಥಾನ, ಅದರ ಶೇಕಡಾ 10 ಅಂದರೆ 4.9. ಗೊಂದಲ ಬೇಡವೆಂದು ಸದ್ಯಕ್ಕೆ ಈ ಸಂಖ್ಯೆ 5 ಅಂತ ಅಲ್ಲೇ ಬರೆದೂಬಿಟ್ಟರು. ನಾವು ಕೋಡಿನಲ್ಲಿ ಸಂಖ್ಯೆಯನ್ನು ನೇರವಾಗಿ ಬರೆದಿಟ್ಟು ಆಮೇಲೆ ಮರೆತುಬಿಡುತ್ತೇವಲ್ಲ, ಥೇಟ್ ಹಾಗೆ. 2021ಕ್ಕೆ ಸ್ಥಾನಗಳು 51 ಆದವು. ಶೇಕಡಾ 10 ಅಂದರೆ 5.1. ಬರೆದಿಟ್ಟ 5 ಮಾತ್ರ ಹಾಗೇ ಉಳಿಯಿತು.

ಆ ಚುನಾವಣೆಯಲ್ಲಿ ಗೆದ್ದ ಹೆಂಗಸರು ಐದು ಜನ. ಅದರಲ್ಲಿ ಫಿಯಾಮೆಯೂ ಒಬ್ಬರು.

ಏಪ್ರಿಲ್ 20ರಂದು ಚುನಾವಣಾ ಆಯುಕ್ತರು 5.1 ಅಂದರೆ 5 ಸಾಲದು, 6 ಬೇಕು ಎಂದು ಲೆಕ್ಕ ಹಾಕಿ ಹಳೆಯ ಪಕ್ಷದ ಒಬ್ಬ ಹೆಂಗಸನ್ನು ಸೇರಿಸಿದರು. ಈಗ 26-25. ಮಾರನೇ ದಿನ ಪಕ್ಷೇತರ ಸದಸ್ಯ ಫಾಸ್ಟ್ ಸೇರಿದರು. 26-26! ಸಮ ಆಯಿತೆಂದು ಮೇ 4ರಂದು ರಾಷ್ಟ್ರದ ಮುಖ್ಯಸ್ಥರು, ಅಂದರೆ ನಮ್ಮ ರಾಷ್ಟ್ರಪತಿ ಇದ್ದ ಹಾಗೆ, ಮತ್ತೆ ಚುನಾವಣೆ ಅಂದರು. ಹೆಂಗಸರಿಗೆಂದು ಮಾಡಿದ ಕಾನೂನು ದೇಶದ ಮೊದಲ ಮಹಿಳಾ ಪ್ರಧಾನಿಯನ್ನೇ ತಡೆದು ನಿಲ್ಲಿಸುವ ಅಡ್ಡಗೋಲಾಯಿತು.

ಫಿಯಾಮೆ ಬೀದಿಗೆ ಇಳಿಯಲಿಲ್ಲ, ಕೋರ್ಟಿಗೆ ಹೋದರು. ಮೇ 17ರಂದು ಸುಪ್ರೀಂ ಕೋರ್ಟು ಆ ಆರನೇ ನೇಮಕವನ್ನೂ ಮರುಚುನಾವಣೆಯನ್ನೂ ರದ್ದು ಮಾಡಿತು. (ಆಮೇಲೆ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇನ್ನೂ ಸ್ವಾರಸ್ಯ: 5.1 ಅಂದರೆ 6 ಅನ್ನೋದು ಸರಿ, ಆದರೆ ಚುನಾವಣಾ ತಕರಾರುಗಳೂ ಉಪಚುನಾವಣೆಗಳೂ ಮುಗಿದ ಮೇಲಷ್ಟೇ ಸೇರಿಸಬೇಕು. ಲೆಕ್ಕ ಸರಿ, ಹೊತ್ತು ತಪ್ಪು.)

ಸಂವಿಧಾನದ ಪ್ರಕಾರ ಚುನಾವಣೆಯಾದ 45 ದಿನದೊಳಗೆ ಸಂಸತ್ತು ಸೇರಬೇಕು. ಏಪ್ರಿಲ್ 9ರಿಂದ ಎಣಿಸಿ, ಮೇ 24 ಕೊನೇ ದಿನ. ಅಂದೇ ಸಭೆ ಅಂತ ಘೋಷಣೆಯೂ ಆಯಿತು. ಆದರೆ ಮೇ 22, ಶನಿವಾರ ರಾತ್ರಿ ಇನ್ನೊಂದು ಆದೇಶ ಬಂತು: ಸಂಸತ್ತಿನ ಸಭೆ ಅಮಾನತ್ತು. ಕಾರಣ ಆಮೇಲೆ ಹೇಳುತ್ತೇವೆ. ಮಾರನೇ ದಿನ ಭಾನುವಾರ. ಸಮೋವಾದಲ್ಲಿ ಭಾನುವಾರ ಅಂದರೆ ಚರ್ಚು, ಮನೆ ಊಟ, ವಿಶ್ರಾಂತಿ. ಅವತ್ತು ಯಾರೂ ಏನೂ ಮಾಡಲಾರರು ಅನ್ನೋದೇ ಆ ಶನಿವಾರ ರಾತ್ರಿಯ ಲೆಕ್ಕಾಚಾರ ಇರಬೇಕು. ಆದರೆ ಸುಪ್ರೀಂ ಕೋರ್ಟು ಭಾನುವಾರವೇ ಕೂತು ಆ ಆದೇಶ ನಡೆಯುವುದಿಲ್ಲ ಅಂದಿತು.

ಮೇ 24, ಸೋಮವಾರ. ಮುಖ್ಯ ನ್ಯಾಯಮೂರ್ತಿ ಸಾತಿಯು ಸಿಮಾತಿವಾ ಪೆರೆಸೆ ನಿಲುವಂಗಿ, ಟೋಪನ್ನು ಎಲ್ಲ ಹಾಕಿಕೊಂಡು ಇತರ ನ್ಯಾಯಮೂರ್ತಿಗಳ ಜೊತೆ ಕೋರ್ಟಿನಿಂದ ಸಂಸತ್ ಭವನಕ್ಕೆ ನಡೆದೇ ಬಂದರು. ಬಾಗಿಲಿಗೆ ಬೀಗ. ಸ್ಪೀಕರ್ ಆದೇಶ. ದೇಶದ ಅತಿ ಹಿರಿಯ ನ್ಯಾಯಾಧೀಶರು ಬಾಗಿಲು ತಳ್ಳಿ ನೋಡಿ ವಾಪಸ್ ಹೋದರು. ಫಿಯಾಮೆ ಬಂದರು, ಅವರಿಗೂ ಬೀಗ. ಸುತ್ತ ಪೊಲೀಸರು, ಹುಲ್ಲಿನ ಮೇಲೆ ಕೆಂಪು ಬಟ್ಟೆ ತೊಟ್ಟು ಹಾಡುತ್ತಾ ಕೂತ ಜನ.

ಬೀಗ ಒಡೆಯಬಹುದಿತ್ತು. ಜನರಿದ್ದರು, ಕೋರ್ಟಿನ ತೀರ್ಪು ಕೈಲಿತ್ತು. ಒಡೆಯಲಿಲ್ಲ. ಸಂಸತ್ತಿನ ಹುಲ್ಲುಹಾಸಿನ ಮೇಲೇ ಒಂದು ಶಾಮಿಯಾನ ಹಾಕಿದರು. ಸಂಜೆ ಆ ಶಾಮಿಯಾನದಡಿ ಪಕ್ಷದ ವಕೀಲರ ಮುಂದೆ ಫಿಯಾಮೆ ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. ತುಯಿಲಾಎಪಾ ಇದನ್ನು ದೇಶದ್ರೋಹ ಅಂದರು. ಕೆಲ ದಿನ ದೇಶಕ್ಕೆ ಇಬ್ಬರು ಪ್ರಧಾನಿಗಳು. ಜೂನ್ ಕೊನೆಗೆ ಸುಪ್ರೀಂ ಕೋರ್ಟು ಶಾಮಿಯಾನದ ಪ್ರಮಾಣ ವಚನ ಊರ್ಜಿತವಲ್ಲ, ಏಳು ದಿನದಲ್ಲಿ ಸಂಸತ್ತು ಸೇರಿಸಿ ಎಂದಿತು. ತೀರ್ಪು ತಮ್ಮ ವಿರುದ್ಧ ಬಂದಾಗಲೂ ಫಿಯಾಮೆಯವರು ಬೇರೆ ದಾರಿ ಹಿಡಿಯಲಿಲ್ಲ, ಕಾದರು. ಆ ಏಳು ದಿನದಲ್ಲೂ ಸಂಸತ್ತು ಸೇರಲಿಲ್ಲ. ಕೊನೆಗೆ ಜುಲೈ 23ರಂದು ಮೇಲ್ಮನವಿ ನ್ಯಾಯಾಲಯ ಹೇಳಿತು: ಬಾಗಿಲು ಮುಚ್ಚಿ ಬೇರೆ ದಾರಿಯೇ ಇಲ್ಲದಂತೆ ಮಾಡಿದ್ದರಿಂದ ಶಾಮಿಯಾನದ ಪ್ರಮಾಣ ವಚನವೇ ಸರಿ, ಮೇ 24ರಿಂದಲೇ ಇವರು ಸರ್ಕಾರ. ಮೂರು ದಿನದ ನಂತರ ತುಯಿಲಾಎಪಾ ಸೋಲೊಪ್ಪಿದರು. ಮೂರೂವರೆ ತಿಂಗಳ ಈ ಗಲಾಟೆಯಲ್ಲಿ ಒಂದು ಗುಂಡೂ ಹಾರಲಿಲ್ಲ.

*

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ನನಗೆ ಮುಖ್ಯ ಅನ್ನಿಸಿದ್ದು ಇದರ ಮುಂದಿನ ಭಾಗ.

ಪ್ರಧಾನಿಯಾಗಿ ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಚೀನಾದ ನೆರವಿನಿಂದ ವಾಯುಸು ಕೊಲ್ಲಿಯಲ್ಲಿ ಕಟ್ಟಬೇಕೆಂದಿದ್ದ ಸುಮಾರು 10 ಕೋಟಿ ಡಾಲರಿನ ಬಂದರನ್ನು ಕೈಬಿಟ್ಟಿದ್ದು. ಇಷ್ಟು ಪುಟ್ಟ ದೇಶಕ್ಕೆ ಅಷ್ಟು ಸಾಲ ಯಾಕೆ ಅನ್ನೋದು ವಾದ. ಸಮುದ್ರ ಏರಿದರೆ ಮೊದಲು ಮುಳುಗುವವರು ನಾವು ಅಂತ ಜಗತ್ತಿನ ಸಭೆಗಳಲ್ಲಿ ದ್ವೀಪ ದೇಶಗಳ ಪರ ಮಾತಾಡಿದರು. 2024ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ದೇಶಗಳ ಮುಖ್ಯಸ್ಥರ ಸಮ್ಮೇಳನ ಆಪಿಯಾದಲ್ಲಿ ನಡೆಯಿತು. ಪೆಸಿಫಿಕ್‌ನ ಪುಟ್ಟ ದ್ವೀಪ ದೇಶವೊಂದರಲ್ಲಿ ಅದು ನಡೆದದ್ದು ಅದೇ ಮೊದಲು.

2025ರ ಜನವರಿಯಲ್ಲಿ ತಮ್ಮ ಪಕ್ಷವನ್ನು ಕಟ್ಟಿದ ಲಾಔಲಿಯವರ ಮೇಲೆ ಕ್ರಿಮಿನಲ್ ಆರೋಪಗಳು ದಾಖಲಾದವು. ರಾಜೀನಾಮೆ ಕೊಡಿ ಎಂದರೆ ಅವರು ಕೊಡಲಿಲ್ಲ. ಫಿಯಾಮೆ ಅವರನ್ನು ಸಂಪುಟದಿಂದ ತೆಗೆದರು. ಪಕ್ಷದವರು ಫಿಯಾಮೆಯನ್ನೇ ಪಕ್ಷದಿಂದ ತೆಗೆದರು! ಫೆಬ್ರವರಿಯಲ್ಲಿ ಒಂದು, ಮಾರ್ಚ್‌ನಲ್ಲಿ ಒಂದು, ಎರಡು ಅವಿಶ್ವಾಸ ನಿರ್ಣಯ ಬಂದವು. ಎರಡನ್ನೂ ದಾಟಿದರು. ಮೇ 27ರಂದು ಬಜೆಟ್ ಬಿತ್ತು. ಹಣಕಾಸಿನ ಮತದಲ್ಲಿ ಸೋತರೆ ಅಧಿಕಾರದಲ್ಲಿ ಇರಬಾರದು, ನಿಯಮ ಅಷ್ಟೇ. ಕೂಡಲೇ ಸಂಸತ್ತನ್ನು ವಿಸರ್ಜಿಸಿ ಜನರ ಮುಂದೆ ಹೋಗೋಣ ಅಂದರು.

ಆಗಸ್ಟ್ 29ರ ಚುನಾವಣೆಯಲ್ಲಿ ಅವರ ಹೊಸ ಪಕ್ಷಕ್ಕೆ ಬಂದದ್ದು ಮೂರು ಸ್ಥಾನ. ಫಾಸ್ಟ್‌ಗೆ ಮೂವತ್ತು. ಲೊತೊಫಾಂಗಾದವರು ಮಾತ್ರ ತಮ್ಮ ಫಿಯಾಮೆಯನ್ನು ಮತ್ತೆ ಆರಿಸಿ ಕಳಿಸಿದರು. 2025ರ ಸೆಪ್ಟೆಂಬರ್ 16ರಂದು ಹೊಸ ಪ್ರಧಾನಿ ಪ್ರಮಾಣ ವಚನ ತೆಗೆದುಕೊಂಡರು. ಯಾರು ಗೊತ್ತೇ? ಅದೇ ಲಾಔಲಿ.

ಈ ಸಲ ಸಂಸತ್ತಿನ ಬಾಗಿಲಿಗೆ ಯಾರೂ ಬೀಗ ಹಾಕಲಿಲ್ಲ.

ನನಗೆ ತಟ್ಟಿದ್ದು ಇದು ನೋಡಿ. ನಮ್ಮ ಕೆಲಸದಲ್ಲಿ ಒಂದು ನಂಬಿಕೆ ಇದೆ, ನಿಯಮವನ್ನು ಸರಿಯಾಗಿ ಬರೆದುಬಿಟ್ಟರೆ ಸಾಕು, ಮುಂದಿನದು ತಾನೇ ನಡೆಯುತ್ತದೆ ಅಂತ. ಯಂತ್ರಕ್ಕೆ ಅದು ನಿಜ. ಸಮೋವಾದ ಸಂವಿಧಾನದಲ್ಲಿ 45 ದಿನ ಅಂತ ಸ್ಪಷ್ಟವಾಗಿ ಬರೆದಿತ್ತು. ಬೀಗ ಬಿದ್ದೇ ಬಿತ್ತು. ಆ ಬರಹಕ್ಕೆ ಜೀವ ಬಂದದ್ದು ಭಾನುವಾರ ಕೋರ್ಟು ತೆರೆದ ನ್ಯಾಯಾಧೀಶರಿಂದ, ಬೀಗ ಒಡೆಯದೆ ಶಾಮಿಯಾನ ಹಾಕಿದವರಿಂದ, ಕೊನೆಗೆ ಸೋಲೊಪ್ಪಿದ ತುಯಿಲಾಎಪಾ ಅವರಿಂದಲೂ. ನಾಲ್ಕು ವರ್ಷದ ಮೇಲೆ ಅದೇ ನಿಯಮ ತಮ್ಮನ್ನೇ ಕೆಳಗಿಳಿಸುವ ಹೊತ್ತು ಬಂದಾಗ ಫಿಯಾಮೆ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ವಂಶದ ಹೆಸರಿನಿಂದ ಬಿರುದು ಬಂದಿರಬಹುದು, ಇದು ಮಾತ್ರ ವಂಶದಿಂದ ಬರೋದಲ್ಲ ಅಂತ ನನ್ನ ಅನಿಸಿಕೆ.

ಅಂದ ಹಾಗೆ, ನನ್ನ ಬಗ್ಗಿಗೆ ವಾಪಸ್ ಬರೋಣ. ಕಂಪ್ಯೂಟರುಗಳೆಲ್ಲ ನೋಡಿಕೊಳ್ಳುವ ಆ ಟೈಮ್‌ಝೋನ್ ಕಡತದಲ್ಲಿ ಸಮೋವಾಕ್ಕೆ ಇನ್ನೊಂದು ಬದಲಾವಣೆಯೂ ಇದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು 2010ರಲ್ಲಿ ತುಯಿಲಾಎಪಾ ಸರ್ಕಾರ ತಂದಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಫಿಯಾಮೆಯವರ ಸಂಪುಟ ಅದನ್ನು ನಿಲ್ಲಿಸಿತು. ಆ ಸಲದ ಕಡತದ ಹೊಸ ಆವೃತ್ತಿಯಲ್ಲಿ ಸಮೋವಾ ಬೇಸಿಗೆ ಸಮಯ ಬಿಟ್ಟಿತು ಅಂತ ಒಂದು ಸಾಲು. ಯಾರು ಬಿಡಿಸಿದರು, ಯಾವ ಬೀಗ ದಾಟಿ ಬಂದು ಬಿಡಿಸಿದರು ಅನ್ನೋದು ಅಲ್ಲಿಲ್ಲ. ನಿಮ್ಮ ಮೊಬೈಲಿನೊಳಗೂ ಆ ಬದಲಾವಣೆ ಕೂತಿದೆ.

ಗಂಡಸರು ಕಾಡು ಸೇರಿದಾಗ 'ಮೌ' ನಡೆಸಿದ ಆ ಹೆಂಗಸರ ಬಗ್ಗೆ ಇನ್ನೂ ಓದುತ್ತಿದ್ದೇನೆ. ರಿಲೀಸ್ ಮುಗಿದು ಪುರಸೊತ್ತು ಸಿಕ್ಕರೆ ಮುಂದಿನ ಸಲ ಅದನ್ನೇ ಬರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗಿ ಬಂದವರಿದ್ದರೆ ನಾಲ್ಕು ಮಾತು ಹೇಳಿ ಹೋಗಿ.